ಸಲಾಯಿನ್ ಬೇರೆ, ಗ್ಲೂಕೋಸ್ ಬೇರೆ

ಮುಂಡಗೋಡ ತಾಲೂಕಿನ ಚಿಗಳ್ಳಿ ಮತ್ತು ಅದರ ಆಸುಪಾಸಿನ ಹಳ್ಳಿಗಳಲ್ಲಿ ಯಾರಿಗಾದರೂ ಪ್ರಾಣಾಂತಿಕವಾದ ಬೇನೆ ಒದಗಿದರೆ, ಮನೆಯವರು ವಾಹನವನ್ನು ಹುಬ್ಬಳ್ಳಿಯ ದಾರಿಗೆ ತಿರುಗಿಸುವುದು ರೂಢಿ. 1957ರಲ್ಲಿ ಆರಂಭವಾಗಿ, ಜನರ ಬಾಯಲ್ಲಿ ಇಂದಿಗೂ ‘ಕಿಮ್ಸ್’ ಎಂದೇ ಉಳಿದಿರುವ ಸರಕಾರಿ ವೈದ್ಯಕೀಯ ವಿದ್ಯಾಲಯದ ಆಸ್ಪತ್ರೆಯಾಗಲಿ, ಧಾರವಾಡ ಸತ್ತೂರಿನ ಎಸ್.ಡಿ.ಎಂ. ಆಸ್ಪತ್ರೆಯಾಗಲಿ, ಬೆಳಗಾವಿಯ ಕೆ.ಎಲ್.ಇ. ಆಸ್ಪತ್ರೆಯಾಗಲಿ, ತೀವ್ರ ನಿಗಾ ಘಟಕದ ಬಾಗಿಲಿನ ಹೊರಗೆ ಕಾಯುವ ಬಂಧುಗಳ ಪಾಡು ಒಂದೇ. ಒಳಗಿನಿಂದ ಬರುವ ಸುದ್ದಿಯಲ್ಲಿ ಅವರನ್ನು ಹೆಚ್ಚು ಗಲಿಬಿಲಿಗೊಳಿಸುವುದು ಸಕ್ಕರೆಯ ಮಾತು. “ಶುಗರ್ 260 ಆಗೇದ, ಇನ್‌ಸುಲಿನ್ ಚಾಲೂ ಮಾಡೇವಿ” ಎಂದು ಹೇಳಿದೊಡನೆ, “ನಮ್ಮ ಅಪ್ಪಾರಿಗೆ ಸಕ್ಕರಿ ಬ್ಯಾನಿನ ಇಲ್ಲರೀ!” ಎಂಬ ಉದ್ಗಾರ ಹೊರಡುತ್ತದೆ.

ಉದ್ಗಾರ ಸಹಜವಾದುದು; ಆದರೆ ವೈದ್ಯರ ಮಾತೂ ಸುಳ್ಳಲ್ಲ. ದೇಹವು ದೊಡ್ಡ ಆಘಾತಕ್ಕೆ ಸಿಕ್ಕಾಗ ಅಡ್ರಿನಲಿನ್, ಕಾರ್ಟಿಸೋಲ್ ಮೊದಲಾದ ರಸಗಳು ಉಕ್ಕಿ, ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ಇನ್‌ಸುಲಿನ್ನಿನ ಪ್ರಭಾವವೂ ಕುಂದುತ್ತದೆ. ಮಧುಮೇಹದ ಸೋಂಕೇ ಇಲ್ಲದವನಲ್ಲಿಯೂ ಹೀಗಾಗಬಹುದು. ಗೋವಿನಜೋಳ, ಹತ್ತಿಯ ಹೊಲಗಳಿಗೆ ಸಿಂಪಡಿಸುವ ಕೆಲವು ಕೀಟನಾಶಕಗಳು ಒಡಲು ಸೇರಿದಾಗಲೂ ಸಕ್ಕರೆ ಏರುವುದುಂಟು.

ಹಾಗಾದರೆ ಅದನ್ನು ಅಳೆಯುವ ಬಗೆ ಹೇಗೆ? ಮನೆಯಲ್ಲಿ ನಾವು ಬೆರಳ ತುದಿ ಚುಚ್ಚಿ ಹನಿ ರಕ್ತ ನೋಡುತ್ತೇವೆ. ನಡೆದಾಡುವ ಮನುಷ್ಯನಿಗೆ ಅದು ಸಾಕು. ರಕ್ತದೊತ್ತಡ ಕುಸಿದ ರೋಗಿಯಲ್ಲಿ ಮಾತ್ರ ದೇಹವು ಹೃದಯ ಮತ್ತು ಮಿದುಳನ್ನು ಕಾಪಾಡುವ ಸಲುವಾಗಿ ಕೈಕಾಲುಗಳ ಕಡೆಗೆ ಹರಿಯುವ ರಕ್ತವನ್ನು ಕಡಿಮೆಗೊಳಿಸುತ್ತದೆ. ಬೆರಳು ತಣ್ಣಗಾಗುತ್ತದೆ, ಕೆಲವೊಮ್ಮೆ ನೀರು ತುಂಬಿ ಬಾತುಕೊಳ್ಳುತ್ತದೆ. ಅಲ್ಲಿಯ ಹನಿ ಇಡೀ ದೇಹದ ಸುದ್ದಿಯನ್ನು ಹೇಳಲಾರದು. ರಕ್ತಹೀನತೆಯಿದ್ದರೆ ಸಣ್ಣ ಯಂತ್ರಗಳು ಇರುವುದಕ್ಕಿಂತ ಹೆಚ್ಚಿನ ಸಕ್ಕರೆ ತೋರಿಸುವುದೂ ಉಂಟು. ಆದಕಾರಣ ಇಂಥ ರೋಗಿಗಳಲ್ಲಿ ಧಮನಿಯ ರಕ್ತವನ್ನೇ ಪರೀಕ್ಷಿಸುವುದು ಲೇಸೆಂದು ಶಾಸ್ತ್ರಜ್ಞರ ಅಭಿಮತ. (ಶಾಲಾ ಪಠ್ಯಗಳು ಧಮನಿಯನ್ನು ‘ಅಪಧಮನಿ’ ಎಂದೂ, ಹೃದಯದ ಕಡೆಗೆ ಮರಳುವ ನಾಳವನ್ನು ‘ಅಭಿಧಮನಿ’ ಎಂದೂ ಹೆಸರಿಸಿ ಮಕ್ಕಳನ್ನು ಗೊಂದಲಕ್ಕೀಡುಮಾಡಿವೆ. ಇಲ್ಲಿ ಧಮನಿ ಎಂಬ ಹಳೆಯ ಮಾತೇ ಇರಲಿ.)

ಮಣಿಕಟ್ಟಿನಲ್ಲಿ ನಾಡಿ ಮಿಡಿಯುವ ಜಾಗದೊಳಗೆ ತೆಳುವಾದ ಕೊಳವೆಯೊಂದನ್ನು ಇರಿಸುತ್ತಾರೆ. ಪ್ರತಿ ಮಿಡಿತದ ರಕ್ತದೊತ್ತಡವೂ ಅದರ ಮೂಲಕ ಪರದೆಯ ಮೇಲೆ ಮೂಡುತ್ತದೆ. ಪದೇ ಪದೇ ಚುಚ್ಚುವ ಹಿಂಸೆಯಿಲ್ಲದೆ ರಕ್ತವನ್ನೂ ಅಲ್ಲಿಂದಲೇ ತೆಗೆಯಬಹುದು. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು, ಒತ್ತಡದ ಪಟ್ಟಿಯಲ್ಲಿ ಬಿಗಿದ ದ್ರವದ ಚೀಲವೊಂದರಿಂದ ಗಂಟೆಗೆ ಸುಮಾರು 3 ಮಿ.ಲೀ.ನಷ್ಟು ದ್ರವ ಸದಾ ಒಳಗೆ ಇಳಿಯುತ್ತಿರುತ್ತದೆ.

ಅಪಾಯ ಅಡಗಿರುವುದು ಈ ಚೀಲದಲ್ಲಿ. ನಮ್ಮ ಕಡೆಯ ಜನ “ಸಲಾಯಿನ್ ಹಚ್ಚ್ಯಾರ”, “ಗ್ಲೂಕೋಸ್ ಹಚ್ಚ್ಯಾರ” ಎಂದು ಎರಡನ್ನೂ ಒಂದೇ ಅರ್ಥದಲ್ಲಿ ಆಡುತ್ತಾರೆ. ಸಲಾಯಿನ್ ಎಂದರೆ ಉಪ್ಪಿನ ನೀರು. ಗ್ಲೂಕೋಸ್ ಎಂದರೆ ಸಕ್ಕರೆಯ ನೀರು. ನೋಟಕ್ಕೆ ಎರಡೂ ತಿಳಿನೀರೇ. ಒತ್ತಡದ ಪಟ್ಟಿಯೊಳಗೆ ಹೆಸರಿನ ಚೀಟಿಯೂ ಮರೆಯಾಗಬಹುದು. ಉಪ್ಪಿನ ನೀರಿರಬೇಕಾದಲ್ಲಿ ಶೇ. 5ರ ಗ್ಲೂಕೋಸ್ ಚೀಲ ಬಂದು ಕುಳಿತಿತೆನ್ನೋಣ. ಅದರ 100 ಮಿ.ಲೀ.ನಲ್ಲಿ 5000 ಮಿ.ಗ್ರಾಂ. ಸಕ್ಕರೆ. ರೋಗಿಯ ನಿಜವಾದ ಸಕ್ಕರೆ 60, ಅಂದರೆ ಆಗಲೇ ಅಪಾಯದ ಮಟ್ಟಕ್ಕೆ ಇಳಿದಿದೆ. ತೆಗೆದ ರಕ್ತದಲ್ಲಿ ನೂರಕ್ಕೆ ಐದು ಪಾಲು ಈ ದ್ರವ ಬೆರೆತರೂ ಯಂತ್ರ ಸುಮಾರು 300 ಎಂದು ತೋರಿಸುತ್ತದೆ! ಅಂಕೆಯನ್ನು ನಂಬಿದವರು ಇನ್‌ಸುಲಿನ್ ಏರಿಸುತ್ತಾರೆ. ಇದ್ದ ಸಕ್ಕರೆಯೂ ಕರಗುತ್ತದೆ. ಎಚ್ಚರವಿರುವವನಾದರೆ ಬೆವರುತ್ತಾನೆ, ನಡುಗುತ್ತಾನೆ, ಹಸಿವೆನ್ನುತ್ತಾನೆ. ಔಷಧಿಯ ಮಂಪರಿನಲ್ಲಿ ಮಲಗಿದವನು ಏನು ಹೇಳಿಯಾನು? ಮಿದುಳು ಸದ್ದಿಲ್ಲದೆ ಹಸಿದು ಸಾಯುತ್ತದೆ.

ಇದು ಕಲ್ಪನೆಯ ಭಯವಲ್ಲ. ಬ್ರಿಟನ್ನಿನಲ್ಲಿ ಇಂಥ ಅವಘಡಗಳಿಂದ ರೋಗಿಗಳು ಮಡಿದ ಮೇಲೆ, 2008ರಲ್ಲಿ ಅಲ್ಲಿಯ ರೋಗಿ ಸುರಕ್ಷತಾ ಸಂಸ್ಥೆ ಎಚ್ಚರಿಕೆ ಹೊರಡಿಸಿತು. 2014ರಲ್ಲಿ ಅರಿವಳಿಕೆ ತಜ್ಞರ ಸಂಘವು ವಿವರವಾದ ಮಾರ್ಗಸೂಚಿ ನೀಡಿತು. ಧಮನಿಯ ಕೊಳವೆಗೆ ಸಕ್ಕರೆಯಿಲ್ಲದ ಉಪ್ಪಿನ ನೀರನ್ನಷ್ಟೇ ಬಳಸಬೇಕು; ಚೀಲದ ಹೆಸರನ್ನು ಮರಳಿ ಮರಳಿ ನೋಡಬೇಕು; ಅಂಕೆ ಅನಿರೀಕ್ಷಿತವಾಗಿ ಏರಿದರೆ ಬೇರೆಡೆಯ ರಕ್ತದಿಂದ ತಾಳೆ ನೋಡಬೇಕು. ಕೊಳವೆಯ ಮೊದಲ ರಕ್ತವನ್ನು ಬೇರ್ಪಡಿಸುವ ಪದ್ಧತಿಯುಂಟು. ಆದರೆ ಚೀಲವೇ ತಪ್ಪಾಗಿದ್ದರೆ ಆ ಪದ್ಧತಿಯೊಂದನ್ನೇ ನೆಚ್ಚುವಂತಿಲ್ಲ.

ಸಕ್ಕರೆಯನ್ನು ಎಲ್ಲಿಗೆ ಇಳಿಸಬೇಕೆಂಬ ವಿಷಯದಲ್ಲಿಯೂ ವೈದ್ಯಲೋಕ ಮನಸ್ಸು ಬದಲಿಸಿದೆ. 2001ರಲ್ಲಿ ಬೆಲ್ಜಿಯಂನ ಲ್ಯೂವೆನ್ ನಗರದ ಅಧ್ಯಯನ 80ರಿಂದ 110ರ ಬಿಗಿಯನ್ನು ಕೊಂಡಾಡಿತು. 2009ರಲ್ಲಿ ಆರು ಸಾವಿರಕ್ಕೂ ಮಿಕ್ಕಿದ ರೋಗಿಗಳ ಮೇಲೆ ನಡೆದ ‘ನೈಸ್-ಶುಗರ್’ ಅಧ್ಯಯನದಲ್ಲಿ ಅದು ಬುಡಮೇಲಾಯಿತು: ಬಿಗಿ ಹಿಡಿದವರಲ್ಲಿ 90 ದಿನಗಳೊಳಗೆ ಸತ್ತವರು ಶೇ. 27.5, ಸಡಿಲ ಬಿಟ್ಟವರಲ್ಲಿ ಶೇ. 24.9. ಆದ್ದರಿಂದ ಈಗ ಸಾಮಾನ್ಯವಾಗಿ ಸಕ್ಕರೆ 180 ದಾಟಿದ ಮೇಲೆ ಇನ್‌ಸುಲಿನ್ ಆರಂಭಿಸಿ, 140ರಿಂದ 180ರ ನಡುವೆ ನಿಲ್ಲಿಸಲು ಯತ್ನಿಸುತ್ತಾರೆ. “ಮನ್ಯಾಗ ನೂರಿಪ್ಪತ್ತ ಇರತಿತ್ತು, ಇಲ್ಲಿ ನೂರಾ ಎಪ್ಪತ್ತ ಬಿಟ್ಟಾರ” ಎಂದು ದಾದಿಯರ ಮೇಲೆ ಸಿಡಿಮಿಡಿಗೊಳ್ಳುವುದು ಉಚಿತವಲ್ಲ.

ಬಂಧುಗಳು ಒಳಗೆ ನುಗ್ಗಿ ಚೀಲ ನೋಡಬೇಕೆಂದು ನನ್ನ ಅಭಿಪ್ರಾಯವಲ್ಲ. ವೈದ್ಯರು ಭೇಟಿಗೆ ಕರೆದಾಗ, ರೋಗಿ ಮನೆಯಲ್ಲಿ ಸೇವಿಸುತ್ತಿದ್ದ ಮಾತ್ರೆಗಳ ಚೀಟಿಯನ್ನು ಮುಂದಿಟ್ಟು, “ಸಕ್ಕರೆ ನೋಡಿದ್ದು ಬೆರಳಿನ ರಕ್ತದಲ್ಲೋ, ಕೊಳವೆಯ ರಕ್ತದಲ್ಲೋ?” ಎಂದು ವಿನಯದಿಂದ ಕೇಳಬಹುದು. ಒಳ್ಳೆಯ ವೈದ್ಯನಿಗೆ ಈ ಪ್ರಶ್ನೆಯಿಂದ ಬೇಸರವಾಗದು.

ಇದೇ ತಪ್ಪಿನ ಚಿಕ್ಕ ರೂಪ ನಮ್ಮ ಮನೆಗಳಲ್ಲಿಯೂ ನಡೆಯುತ್ತದೆ. ಬಾಳೆಹಣ್ಣು ಸುಲಿದು, ಬೆಲ್ಲ ಮುರಿದು, ಪ್ರಸಾದ ಹಂಚಿ ಅದೇ ಬೆರಳನ್ನು ಚುಚ್ಚಿಕೊಂಡರೆ, ಯಂತ್ರ ಅಳೆಯುವುದು ಚರ್ಮಕ್ಕಂಟಿದ ಸಿಹಿಯನ್ನೂ ಸೇರಿಸಿ. ಸಾಬೂನಿನಿಂದ ಕೈ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಚುಚ್ಚಬೇಕು.