ಅರಿವಳಿಕೆ: ಉಸಿರಿನ ದಾರಿ ಕಾಯುವ ‘ಗಂಟಲ ಮುಖವಾಡ’

ಶಸ್ತ್ರಚಿಕಿತ್ಸೆ ಎಂದೊಡನೆ ರೋಗಿಯ ಕಡೆಯವರು ವಿಚಾರಿಸುವುದು ಶಸ್ತ್ರವೈದ್ಯರು ಯಾರು, ಖರ್ಚೆಷ್ಟು, ಮನೆಗೆ ಕಳುಹಿಸುವುದು ಯಾವಾಗ ಎಂದು. ಪ್ರಜ್ಞೆಯಿಲ್ಲದ ಅಷ್ಟೂ ಹೊತ್ತು ರೋಗಿಯ ಉಸಿರಾಟವನ್ನು ಯಾರು, ಹೇಗೆ ಕಾಯುತ್ತಾರೆ ಎಂದು ಕೇಳುವವರು ವಿರಳ. ಆದರೆ ಅರಿವಳಿಕೆ ತಜ್ಞರ ಕೆಲಸದ ತಿರುಳೇ ಅದು. ಆಮ್ಲಜನಕದ ಪೂರೈಕೆ ಕೆಲವೇ ನಿಮಿಷ ನಿಂತರೂ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗಬಹುದು.

ಸಂಪೂರ್ಣ ಅರಿವಳಿಕೆ ನೀಡಿದಾಗ ನಾಲಿಗೆ ಹಾಗೂ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಅಂಗಾತ ಮಲಗಿದ ರೋಗಿಯ ಉಸಿರಿನ ದಾರಿ ಇದರಿಂದ ಮುಚ್ಚಿಹೋಗಬಹುದು. ಇದನ್ನು ತೆರೆದಿಡಲು ದಶಕಗಳ ಕಾಲ ವೈದ್ಯರಿಗೆ ಮುಖ್ಯವಾಗಿ ಇದ್ದದ್ದು ಎರಡೇ ಉಪಾಯ. ಒಂದು, ಮೂಗು ಮತ್ತು ಬಾಯಿಯ ಮೇಲೆ ಮಾಸ್ಕ್ ಒತ್ತಿ ಹಿಡಿಯುವುದು. ಇದರಲ್ಲಿ ವೈದ್ಯರ ಕೈಗೆ ಬಿಡುವಿಲ್ಲ. ಇನ್ನೊಂದು, ಲಾರಿಂಗೋಸ್ಕೋಪ್ ನೆರವಿನಿಂದ ಧ್ವನಿತಂತುಗಳ ನಡುವೆ ಕೊಳವೆಯನ್ನು ಇಳಿಸಿ ಶ್ವಾಸನಾಳದೊಳಗೇ ಇರಿಸುವುದು. ಇದು ಭದ್ರವಾದ ವಿಧಾನವಾದರೂ ಹೆಚ್ಚಿನ ಕೌಶಲ ಬೇಡುತ್ತದೆ. ಈ ಎರಡರ ನಡುವಣ ದಾರಿಯೇ ‘ಲಾರಿಂಜಿಯಲ್ ಮಾಸ್ಕ್’. ವೈದ್ಯರ ಮಾತಿನಲ್ಲಿ ಎಲ್‌ಎಂಎ.

ಲಂಡನ್ ವೈದ್ಯರ ಶೋಧ

ಈ ಸಾಧನವನ್ನು ರೂಪಿಸಿದವರು ಬ್ರಿಟನ್ನಿನ ಅರಿವಳಿಕೆ ತಜ್ಞ ಡಾ. ಆರ್ಚಿ ಬ್ರೈನ್. ದಂತಚಿಕಿತ್ಸೆಯಲ್ಲಿ ಬಳಕೆಯಲ್ಲಿದ್ದ ಗೋಲ್ಡ್‌ಮನ್ ಮಾಸ್ಕ್‌ನ ರಬ್ಬರ್ ಅಂಚಿಗೆ ಕೊಳವೆ ಜೋಡಿಸಿ ಅವರು 1981ರಲ್ಲಿ ಮೊದಲ ಮಾದರಿಗಳನ್ನು ತಯಾರಿಸಿದರು. ಮುಖದ ಮೇಲೆ ಕೂರಿಸುವ ಮಾಸ್ಕನ್ನು ಧ್ವನಿಪೆಟ್ಟಿಗೆಯ ಮೇಲೆಯೇ ಏಕೆ ಕೂರಿಸಬಾರದು ಎಂಬುದು ಅವರ ಯೋಚನೆಯಾಗಿತ್ತು. 1983ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಅನಸ್ತೇಷಿಯಾ’ದಲ್ಲಿ ಅವರ ಪ್ರಬಂಧ ಪ್ರಕಟವಾಯಿತು. 1988ರಲ್ಲಿ ಸಾಧನ ಬ್ರಿಟನ್ನಿನ ಮಾರುಕಟ್ಟೆಗೆ ಬಂದಿತು. 1991ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಕೆಲಸ ಮಾಡುವ ಬಗೆ

ಒಂದು ಕೊಳವೆ, ಅದರ ತುದಿಯಲ್ಲಿ ಗಾಳಿ ತುಂಬುವ ಅಂಚುಳ್ಳ ಮೊಟ್ಟೆಯಾಕಾರದ ಪುಟ್ಟ ಮಾಸ್ಕ್. ಇಷ್ಟೇ ಇದರ ರಚನೆ. ರೋಗಿಗೆ ಪ್ರಜ್ಞೆ ತಪ್ಪಿದ ಬಳಿಕ ಇದನ್ನು ಅಂಗುಳಿನ ಗುಂಟ ಜಾರಿಸಿ ಗಂಟಲಿಗೆ ಇಳಿಸಲಾಗುತ್ತದೆ. ತುದಿ ಅನ್ನನಾಳದ ಬಾಯಿಗೆ ತಾಗಿ ನಿಲ್ಲುತ್ತದೆ. ಅಂಚಿಗೆ ಗಾಳಿ ತುಂಬಿದಾಗ ಮಾಸ್ಕ್ ಧ್ವನಿಪೆಟ್ಟಿಗೆಯ ಬಾಯಿಯ ಸುತ್ತ ಕೂರುತ್ತದೆ. ಕೊಳವೆ ಧ್ವನಿತಂತುಗಳನ್ನು ದಾಟುವುದಿಲ್ಲ.

ರೋಗಿಯ ತೂಕಕ್ಕೆ ತಕ್ಕಂತೆ ಅಳತೆಗಳಿವೆ. 5 ಕಿಲೋವರೆಗಿನ ಶಿಶುವಿಗೆ 1ನೇ ಅಳತೆಯಾದರೆ, 50ರಿಂದ 70 ಕಿಲೋ ತೂಕದವರಿಗೆ ಸಾಮಾನ್ಯವಾಗಿ 4ನೇ ಅಳತೆ. ಅಂಚಿನ ಒತ್ತಡ 60 ಸೆಂಟಿಮೀಟರ್ ನೀರಿನ ಒತ್ತಡವನ್ನು ಮೀರಬಾರದು. ಮೀರಿದರೆ ಗಂಟಲು ನೋವು, ನರಗಳಿಗೆ ಪೆಟ್ಟು ಸಂಭವಿಸಬಹುದು. ಮಾಸ್ಕ್ ಸರಿಯಾಗಿ ಕೂತು ಗಾಳಿ ಹೋಗಿಬರುತ್ತಿದೆಯೇ ಎಂಬುದನ್ನು ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ತೋರಿಸುತ್ತದೆ.

ಸ್ನಾಯು ಸಡಿಲಿಸುವ ಔಷಧವಿಲ್ಲದೆಯೂ ಇದನ್ನು ಇರಿಸಬಹುದು. ಕೊಳವೆ ಇಳಿಸುವಾಗ ಕಾಣುವ ರಕ್ತದೊತ್ತಡದ ಏರಿಕೆ, ಬಳಿಕದ ಗಂಟಲು ನೋವು ಇದರಲ್ಲಿ ಕಡಿಮೆ. ಆದ್ದರಿಂದಲೇ ಹರ್ನಿಯಾ, ಕೈಕಾಲಿನ ಸಣ್ಣ ಶಸ್ತ್ರಚಿಕಿತ್ಸೆ, ಅದೇ ದಿನ ಮನೆಗೆ ಮರಳುವಂತಹ ಚಿಕಿತ್ಸೆಗಳಲ್ಲಿ ಇದರ ಬಳಕೆ ವ್ಯಾಪಕ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ನ್ಯಾಪ್-4’ ಸಮೀಕ್ಷೆಯ ಪ್ರಕಾರ, ಅಲ್ಲಿನ ಸಂಪೂರ್ಣ ಅರಿವಳಿಕೆಗಳ ಪೈಕಿ ಶೇ 56ರಲ್ಲಿ ಈ ಬಗೆಯ ಸಾಧನಗಳೇ ಬಳಕೆಯಾಗಿದ್ದವು.

ಮಿತಿ ಎಲ್ಲಿ?

ಆದರೆ ಇದೇ ಸಮೀಕ್ಷೆ ಎಚ್ಚರಿಕೆಯನ್ನೂ ನೀಡಿತು. ಅರಿವಳಿಕೆ ವೇಳೆ ಉಸಿರಿನ ದಾರಿಗೆ ಸಂಬಂಧಿಸಿದ ಸಾವುಗಳಿಗೆ ಅತಿ ಮುಖ್ಯ ಕಾರಣವಾಗಿ ಕಂಡುಬಂದದ್ದು, ಹೊಟ್ಟೆಯಲ್ಲಿದ್ದ ಆಹಾರ ಅಥವಾ ಆಮ್ಲ ಮೇಲೆ ಬಂದು ಶ್ವಾಸಕೋಶ ಸೇರಿದ್ದು. ಶ್ವಾಸನಾಳದೊಳಗಿನ ಕೊಳವೆಯಂತೆ ಈ ಮಾಸ್ಕ್ ಆ ದಾರಿಯನ್ನು ಪೂರ್ತಿ ಭದ್ರಪಡಿಸಲಾರದು. ಹೊಟ್ಟೆ ತುಂಬಿರುವ ತುರ್ತು ಸಂದರ್ಭ, ಕರುಳಿನ ಅಡಚಣೆ, ತುಂಬು ಗರ್ಭಿಣಿಯರ ಶಸ್ತ್ರಚಿಕಿತ್ಸೆ ಮುಂತಾದವುಗಳಲ್ಲಿ ಕೊಳವೆಯೇ ಮೊದಲ ಆಯ್ಕೆ.

ಈ ಕೊರತೆ ತಗ್ಗಿಸಲು ಹೊಟ್ಟೆಯ ದ್ರವ ಹೊರಹೋಗಲು ಪ್ರತ್ಯೇಕ ನಾಳವುಳ್ಳ ಎರಡನೇ ಪೀಳಿಗೆಯ ಮಾಸ್ಕ್‌ಗಳು ಬಂದವು. 2000ದಲ್ಲಿ ಬಂದ ‘ಪ್ರೋಸೀಲ್’, 2007ರಲ್ಲಿ ಬಂದ, ಗಾಳಿ ತುಂಬುವ ಅಗತ್ಯವೇ ಇಲ್ಲದ ‘ಐ-ಜೆಲ್’ ಇವುಗಳಲ್ಲಿ ಪ್ರಮುಖ. ಇವು ಅಪಾಯವನ್ನು ಕಡಿಮೆ ಮಾಡುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಆಪತ್ತಿನಲ್ಲಿ ಆಸರೆ

ಶ್ವಾಸನಾಳಕ್ಕೆ ಕೊಳವೆ ಇಳಿಸಲು ಸಾಧ್ಯವಾಗದಿದ್ದಾಗ ಈ ಮಾಸ್ಕ್ ಜೀವರಕ್ಷಕವಾಗಬಲ್ಲದು. ಅಂತಹ ಸಂದರ್ಭಕ್ಕೆಂದು ರೂಪಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಇದಕ್ಕೆ ಖಚಿತ ಸ್ಥಾನವಿದೆ. ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನಕ್ಕೊಳಗಾದವರ ಬಗ್ಗೆ ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಐ-ಜೆಲ್ ಮತ್ತು ಕೊಳವೆ ಬಳಸಿದ ಎರಡೂ ಗುಂಪುಗಳ ಚೇತರಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಎಲ್ಲರಲ್ಲೂ ಇದು ಕೂರುತ್ತದೆಂಬ ಖಾತರಿಯಿಲ್ಲ. 2005ರಲ್ಲಿ ಬ್ರಿಟನ್ನಿನಲ್ಲಿ ಸೈನಸ್ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಮಹಿಳೆಯೊಬ್ಬರಿಗೆ ಮಾಸ್ಕೂ ಕೂರಲಿಲ್ಲ, ಕೊಳವೆಯೂ ಇಳಿಯಲಿಲ್ಲ. ಕುತ್ತಿಗೆಯ ಮೂಲಕ ದಾರಿ ಮಾಡುವ ಕೊನೆಯ ಉಪಾಯಕ್ಕೆ ತಂಡ ಮುಂದಾಗಲಿಲ್ಲ. ಅವರು ಬದುಕುಳಿಯಲಿಲ್ಲ. ವಿಮಾನ ಚಾಲಕರಾಗಿದ್ದ ಅವರ ಪತಿ ಮಾರ್ಟಿನ್ ಬ್ರೊಮಿಲಿ, ಶಸ್ತ್ರಚಿಕಿತ್ಸಾ ಕೊಠಡಿಯ ತಂಡಗಳಿಗೂ ವಿಮಾನಯಾನದ ಮಾದರಿಯ ಸುರಕ್ಷತಾ ಶಿಸ್ತು ಬೇಕೆಂದು ಆಂದೋಲನವನ್ನೇ ಆರಂಭಿಸಿದರು. ಒಂದು ವಿಧಾನ ಫಲಿಸದಿದ್ದರೆ ತಡಮಾಡದೆ ಮುಂದಿನದಕ್ಕೆ ಹೋಗಬೇಕೆಂಬ ಪಾಠವನ್ನು ಈ ಪ್ರಕರಣ ಕಲಿಸಿತು.

ರೋಗಿಗಳು ಗಮನಿಸಬೇಕಾದದ್ದು

ಸಾಧನದ ಆಯ್ಕೆ ವೈದ್ಯರದು. ಆದರೆ ಆ ಆಯ್ಕೆ ನಿಂತಿರುವುದು ರೋಗಿ ನೀಡುವ ಮಾಹಿತಿಯ ಮೇಲೆ. ಎದೆಯುರಿ, ಹುಳಿತೇಗು, ಗೊರಕೆ, ಅಲುಗಾಡುವ ಹಲ್ಲು, ಕಟ್ಟಿಸಿಕೊಂಡ ಹಲ್ಲಿನ ಸೆಟ್, ಹಿಂದಿನ ಅರಿವಳಿಕೆಯಲ್ಲಾದ ತೊಂದರೆ ಇವನ್ನು ಮುಚ್ಚಿಡಬಾರದು. ಮಧುಮೇಹ ಅಥವಾ ತೂಕ ಇಳಿಕೆಗೆ ಸೆಮಾಗ್ಲುಟೈಡ್‌ನಂತಹ ಔಷಧ ಪಡೆಯುತ್ತಿರುವವರು ಅದನ್ನೂ ಹೇಳಬೇಕು. ಇಂತಹ ಔಷಧಗಳಿಂದ ಹೊಟ್ಟೆ ಖಾಲಿಯಾಗುವುದು ನಿಧಾನವಾಗುತ್ತದೆ.

ಪೂರ್ವನಿಗದಿತ ಶಸ್ತ್ರಚಿಕಿತ್ಸೆಗೆ ಮುನ್ನ ಲಘು ಆಹಾರವಾದರೆ 6 ಗಂಟೆ, ಎಣ್ಣೆ ಜಿಡ್ಡಿನ ಊಟವಾದರೆ 8 ಗಂಟೆ, ನೀರಾದರೆ 2 ಗಂಟೆ ಅಂತರವಿರಬೇಕು ಎಂಬುದು ಸಾಮಾನ್ಯ ನಿಯಮ. ಹಾಲು ಬೆರೆಸಿದ ಕಾಫಿ, ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಅವಕ್ಕೂ 6 ಗಂಟೆ. ಬೆಳಿಗ್ಗೆ ಅರ್ಧ ಲೋಟ ಕಾಫಿ ಕುಡಿದದ್ದನ್ನು ಹೇಳಿದರೆ ಶಸ್ತ್ರಚಿಕಿತ್ಸೆ ಕೆಲವು ಗಂಟೆ ಮುಂದೆ ಹೋಗಬಹುದು. ಹೇಳದಿದ್ದರೆ ಅಪಾಯಕ್ಕೆ ಸಿಲುಕುವುದು ರೋಗಿಯ ಶ್ವಾಸಕೋಶವೇ.