ದಿನಕ್ಕೆ ನಾಲ್ಕಾಣೆಯ ರೈಲು

ಬೆಂಗಳೂರಿಗೆ ಮೆಟ್ರೊ ಬೇಕೆಂಬ ಮಾತು ಐಟಿ ಕಂಪನಿಗಳು ಬರುವುದಕ್ಕಿಂತ ಬಹಳ ಹಿಂದಿನದು. 1977ರಲ್ಲಿ ದಕ್ಷಿಣ ರೈಲ್ವೆಯ ತಂಡವೊಂದು ಈ ಊರಿನ ಓಡಾಟದ ಅಗತ್ಯವನ್ನು ಅಧ್ಯಯನ ಮಾಡಲು ತೊಡಗಿ, 1982ರಲ್ಲಿ ವರದಿ ಕೊಟ್ಟಿತು. ರಾಜಾಜಿನಗರದಿಂದ ಜಯನಗರಕ್ಕೆ 12.9 ಕಿ.ಮೀ., ಹಡ್ಸನ್ ವೃತ್ತದಿಂದ ಕೃಷ್ಣರಾಜಪುರಕ್ಕೆ 11.3 ಕಿ.ಮೀ., ಹೀಗೆ ಒಟ್ಟು 24 ಕಿ.ಮೀ. ಉದ್ದದ ಎರಡು ಮೆಟ್ರೊ ಮಾರ್ಗಗಳು. ಅಂದಾಜು ವೆಚ್ಚ ಇನ್ನೂರು ಚಿಲ್ಲರೆ ಕೋಟಿ ರೂಪಾಯಿ. ಮರುವರ್ಷ ಯೋಜನೆ ಇನ್ನಷ್ಟು ಬೆಳೆಯಿತು. ಮೂರು ದಿಕ್ಕಿಗೆ ಉಪನಗರ ರೈಲು, ಜೊತೆಗೆ ಊರನ್ನು ಬಳಸಿ ಬರುವ 58 ಕಿ.ಮೀ. ವರ್ತುಲ ರೈಲು ಸೇರಿಕೊಂಡವು. ಎಲ್ಲಕ್ಕೂ ಸೇರಿ 650 ಕೋಟಿ ರೂಪಾಯಿ, ಕಟ್ಟಿ ಮುಗಿಸಲು 25 ವರ್ಷ.

ಯೋಜನೆ ಕಾಗದದಲ್ಲೇ ಉಳಿಯಿತು. ಅದು ಎಷ್ಟು ದೊಡ್ಡ ನಷ್ಟ ಎಂಬುದು ಲೆಕ್ಕ ಹಾಕುತ್ತ ಹೋದಂತೆ ಗೊತ್ತಾಗುತ್ತದೆ.

1971ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 16.5 ಲಕ್ಷ. 1981ರಲ್ಲಿ 29.2 ಲಕ್ಷ. ಹತ್ತೇ ವರ್ಷದಲ್ಲಿ ಶೇ 76ರಷ್ಟು ಏರಿಕೆ! ಸುತ್ತಲಿನ ಹಳ್ಳಿಗಳು ನಗರದ ಲೆಕ್ಕಕ್ಕೆ ಸೇರಿದ್ದೂ ಇದರಲ್ಲಿದೆ, ನಿಜ. ಆದರೂ ದೇಶದ ಇನ್ಯಾವ ಮಹಾನಗರವೂ ಆ ದಶಕದಲ್ಲಿ ಇಷ್ಟು ವೇಗವಾಗಿ ಬೆಳೆದಿರಲಿಲ್ಲ. ದಿನವೊಂದಕ್ಕೆ ಸರಾಸರಿ 350 ಜನ ಹೆಚ್ಚಿದಂತಾಯಿತು. ರೈಲ್ವೆಯವರು ವರದಿ ಸಿದ್ಧಪಡಿಸಿದ್ದು ಈ ಪ್ರವಾಹದ ನಡುವೆಯೇ. ಮುಂದೇನಾಗಲಿದೆ ಎಂದು ಊಹಿಸಲು ಅವರಿಗೆ ಜ್ಯೋತಿಷ್ಯ ಬೇಕಿರಲಿಲ್ಲ.

ಈಗ ಆ 650 ಕೋಟಿಯನ್ನು 25 ವರ್ಷಕ್ಕೆ ಹಂಚಿ ನೋಡಿ. ವರ್ಷಕ್ಕೆ 26 ಕೋಟಿ. ಅದನ್ನು 1981ರ 29.2 ಲಕ್ಷ ಜನಕ್ಕೆ, ತೊಟ್ಟಿಲ ಕೂಸುಗಳನ್ನೂ ಬಿಡದೆ ಹಂಚಿದರೆ, ತಲೆಗೆ ವರ್ಷಕ್ಕೆ 89 ರೂಪಾಯಿ. ದಿನಕ್ಕೆ 24 ಪೈಸೆ ಚಿಲ್ಲರೆ, ಅಂದರೆ ನಾಲ್ಕಾಣೆಯೂ ಪೂರ್ತಿ ಇಲ್ಲ. ಊರು ಬೆಳೆದಂತೆ ಈ ಪಾಲು ಇನ್ನೂ ಇಳಿಯುತ್ತಿತ್ತು. 2011ರಲ್ಲಿದ್ದ 85 ಲಕ್ಷ ಜನಕ್ಕೆ ಹಂಚಿದರೆ ದಿನಕ್ಕೆ ಹತ್ತು ಪೈಸೆಯೂ ಬರುವುದಿಲ್ಲ.

ಅಂದಾಜು ವೆಚ್ಚವೆಂಬುದು ಯಾವತ್ತೂ ಅಂದಾಜಿನಲ್ಲೇ ನಿಲ್ಲುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಗಡುವೂ ನಿಲ್ಲುವುದಿಲ್ಲ. ಕೋಲ್ಕತ್ತ ಮೆಟ್ರೊಗೆ ಇಂದಿರಾ ಗಾಂಧಿಯವರು ಅಡಿಗಲ್ಲು ಹಾಕಿದ್ದು 1972ರ ಡಿಸೆಂಬರಿನಲ್ಲಿ. ಮೊದಲ 3.4 ಕಿ.ಮೀ. ಮೇಲೆ ರೈಲು ಓಡಿದ್ದು 1984ರ ಅಕ್ಟೋಬರಿನಲ್ಲಿ. ಬೆಂಗಳೂರಿನಲ್ಲೂ ಖರ್ಚು ಮೂರು ಪಟ್ಟಾಗುತ್ತಿತ್ತು ಎಂದೇ ಇಟ್ಟುಕೊಳ್ಳೋಣ. ಆಗಲೂ ತಲೆಗೆ ದಿನಕ್ಕೆ ಮುಕ್ಕಾಲು ರೂಪಾಯಿ. ಇನ್ನು ಗಡುವಿನಂತೆ ನಡೆದಿದ್ದರೆ 1983ಕ್ಕೆ 25 ಸೇರಿ 2008ಕ್ಕೆ ಮೆಟ್ರೊ, ಉಪನಗರ ರೈಲು, ವರ್ತುಲ ಮೂರೂ ಮುಗಿದಿರುತ್ತಿದ್ದವು. ನಮ್ಮ ಮೆಟ್ರೊದ ಮೊದಲ ರೈಲು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಹೊರಟಿದ್ದು 2011ರ ಅಕ್ಟೋಬರ್ 20ರಂದು. ನಾಲ್ಕಾಣೆಯ ನಾಣ್ಯವನ್ನು ಚಲಾವಣೆಯಿಂದ ತೆಗೆದದ್ದು ಅದೇ ವರ್ಷದ ಜೂನ್ 30ಕ್ಕೆ. ಯಾವ ಕಾಸಿನಲ್ಲಿ ಈ ಊರಿಗೆ ರೈಲು ಸಿಗುತ್ತಿತ್ತೋ ಆ ಕಾಸು ಹೋದ ಸುಮಾರು ನಾಲ್ಕು ತಿಂಗಳಿಗೆ ರೈಲು ಬಂತು.

ನಡುವಿನ ಕಥೆ ಸಮಿತಿಗಳದು. 1988ರಲ್ಲಿ ರೈಟ್ಸ್ ಸಂಸ್ಥೆ ಇರುವ ಹಳಿಗಳನ್ನೇ ಸುಧಾರಿಸಿ ಉಪನಗರ ರೈಲು ಓಡಿಸಲು ಸಲಹೆ ಮಾಡಿತು. 1993ರಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿ ಮತ್ತೆ ಮೆಟ್ರೊ ಮತ್ತು ವರ್ತುಲ ರೈಲಿನ ಬಳಿಗೇ ಬಂತು. 1994ರಲ್ಲಿ ಕಂಪನಿಯೊಂದು ಹುಟ್ಟಿ, ಖಾಸಗಿ ಬಂಡವಾಳದಲ್ಲಿ ಕಂಬಗಳ ಮೇಲೆ ಹಗುರ ರೈಲು ಓಡಿಸುವ ಯೋಜನೆ ಎದ್ದಿತು. ಅದೂ ಬಿತ್ತು. 2003ರಲ್ಲಿ ದೆಹಲಿ ಮೆಟ್ರೊದವರು ಹೊಸ ವರದಿ ಬರೆದರು, 2006ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿತು. 42.3 ಕಿ.ಮೀ.ಗಳ ಮೊದಲ ಹಂತ ಮುಗಿಯುವ ಹೊತ್ತಿಗೆ ಖರ್ಚು 14,000 ಕೋಟಿ ರೂಪಾಯಿಯ ಆಸುಪಾಸಿಗೆ ಬಂದಿತ್ತು. 1982ರ ಅಂದಾಜಿನಲ್ಲಿ ಕಿಲೋಮೀಟರಿಗೆ ಹತ್ತು ಕೋಟಿ; ಇಲ್ಲಿ ಮುನ್ನೂರ ಮೂವತ್ತು ಕೋಟಿ.

ಹಣದ ಲೆಕ್ಕಕ್ಕಿಂತ ನನ್ನ ಎದೆಗೆ ತಾಗುವುದು ವರ್ಷಗಳ ಲೆಕ್ಕ. ರಾಜಾಜಿನಗರದಲ್ಲಿ ಮೆಟ್ರೊ ಹತ್ತಿ ಜಯನಗರದಲ್ಲಿ ಇಳಿಯುವುದು ಸಾಧ್ಯವಾದದ್ದು 2017ರ ಜೂನ್‌ನಲ್ಲಿ, ಅಂದರೆ ವರದಿ ಬಂದು 35 ವರ್ಷಕ್ಕೆ. ಕೃಷ್ಣರಾಜಪುರದ ಪಾಡು ಇನ್ನೂ ಕಷ್ಟದ್ದು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೃಷ್ಣರಾಜಪುರದವರೆಗೆ 13.71 ಕಿ.ಮೀ. ತೆರೆಯಿತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಬರೀ 2.1 ಕಿ.ಮೀ. ಬಾಕಿ. ಆ ತುಂಡು ಸೇರುವವರೆಗೆ ಜನ ಆರು ತಿಂಗಳಿಗೂ ಹೆಚ್ಚು ಕಾಲ ರೈಲಿಳಿದು, ಬಸ್ ಹತ್ತಿ, ಮತ್ತೆ ರೈಲು ಹತ್ತಿದರು. 2023ರ ಅಕ್ಟೋಬರ್ 9ರಂದು ಹಳಿ ಕೂಡಿತು. ನಗರದ ಒಡಲಿನಿಂದ ಕೃಷ್ಣರಾಜಪುರಕ್ಕೆ ಮೆಟ್ರೊ ಬೇಕೆಂದು ಬರೆದು ಆಗಲೇ 41 ವರ್ಷ ಕಳೆದಿತ್ತು. ವರದಿ ಬಂದ ವರ್ಷ ಕೆಲಸಕ್ಕೆ ಸೇರಿದವರು ಅಷ್ಟರಲ್ಲಿ ನಿವೃತ್ತರಾಗಿ ಪಿಂಚಣಿ ಪಡೆಯುತ್ತಿದ್ದರು. ಅವರು ರಸ್ತೆಯಲ್ಲಿ ಕಳೆದ ಗಂಟೆಗಳಿಗೆ ಯಾವ ಕಡತದಲ್ಲೂ ಲೆಕ್ಕವಿಲ್ಲ.

ಎರಡು ಮಾರ್ಗಗಳು ತಡವಾಗಿಯಾದರೂ ಬೇರೆ ರೂಪದಲ್ಲಿ ಬಂದವು. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿತ್ತು: 148 ಕಿ.ಮೀ., 15,767 ಕೋಟಿ ರೂಪಾಯಿ. ವರ್ತುಲ ರೈಲು ಬರಲೇ ಇಲ್ಲ. ಅದರ ಬದಲು ಸುಮಾರು 60 ಕಿ.ಮೀ. ಉದ್ದದ ಹೊರವರ್ತುಲ ರಸ್ತೆ ಬಂತು. ಹೆಚ್ಚುಕಡಿಮೆ ಅದೇ ಉದ್ದ, ಆದರೆ ಹಳಿಯ ಬದಲು ಡಾಂಬರು. ಆ ರಸ್ತೆ ತುಂಬಿ ತುಳುಕಿದ ಮೇಲೆ ಅದರ ಒಂದು ಭಾಗದ ಮೇಲೆಯೇ, ಸಿಲ್ಕ್ ಬೋರ್ಡ್‌ನಿಂದ ಕೃಷ್ಣರಾಜಪುರಕ್ಕೆ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೊ ಹಾಕಲು 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿತು. ಉದ್ದ ಎಷ್ಟು ಗೊತ್ತೇ? 58.19 ಕಿ.ಮೀ. ದಾರಿ ಬೇರೆ, ಸಂಖ್ಯೆ ಕೂಡಿಬಂದದ್ದು ಆಕಸ್ಮಿಕ. ಮಂಜೂರಾದ ವೆಚ್ಚ 14,788 ಕೋಟಿ. ಅಂದಿನಿಂದ ಇಂದಿಗೆ ಬೆಲೆಗಳು ಇಪ್ಪತ್ತು ಪಟ್ಟು ಏರಿವೆ ಎಂದು ಧಾರಾಳವಾಗಿಯೇ ಲೆಕ್ಕ ಹಿಡಿದರೂ 1983ರ 650 ಕೋಟಿ ಇಂದಿನ 13,000 ಕೋಟಿಯಾಗುತ್ತದೆ. ಅಂದು ಮೆಟ್ರೊ, ಉಪನಗರ ರೈಲು, ವರ್ತುಲ ಮೂರಕ್ಕೂ ಹೇಳಿದ್ದ ಮೊತ್ತ ಈಗ ಈ ಒಂದು ಮಾರ್ಗಕ್ಕೇ ಸಾಲುವುದಿಲ್ಲ.

1983ರ ವರ್ತುಲ ರೈಲಿನಷ್ಟೇ, ಅಂದರೆ 58 ಕಿ.ಮೀ. ಸುತ್ತಳತೆಯ ಸರಿಯಾದ ವೃತ್ತವೊಂದನ್ನು ಎಳೆದರೆ ಅದರೊಳಗೆ ಸುಮಾರು 268 ಚದರ ಕಿ.ಮೀ. ನೆಲ ಸಿಗುತ್ತದೆ. ಬಿಬಿಎಂಪಿ ಆಗುವ ಮುಂಚೆ ಮಹಾನಗರ ಪಾಲಿಕೆಯ ವ್ಯಾಪ್ತಿ ಇದ್ದದ್ದು 226 ಚದರ ಕಿ.ಮೀ. ಇಡೀ ಊರಿನಷ್ಟು ನೆಲ ಆ ರೈಲಿನ ಸುತ್ತಿನೊಳಗೆ ಹಿಡಿಸುತ್ತಿತ್ತು. ಈಗ ರೈಲ್ವೆ ಮತ್ತೆ ಬೆಂಗಳೂರಿಗೆ ವರ್ತುಲ ರೈಲಿನ ಪ್ರಸ್ತಾವ ಮುಂದಿಟ್ಟಿದೆ: ನಿಡವಂದ, ದೊಡ್ಡಬಳ್ಳಾಪುರ, ದೇವನಹಳ್ಳಿ, ಮಾಲೂರು, ಹೀಲಲಿಗೆ, ಹೆಜ್ಜಾಲ, ಸೋಲೂರು ಬಳಸಿ ಒಟ್ಟು 287 ಕಿ.ಮೀ. ಸುತ್ತಳತೆ ಐದು ಪಟ್ಟು ಹೆಚ್ಚಿತು. ವೃತ್ತವೆಂದೇ ಲೆಕ್ಕ ಹಾಕಿದರೆ ಒಳಗಿನ ನೆಲ 6,500 ಚದರ ಕಿ.ಮೀ. ಮೀರುತ್ತದೆ, ಸುಮಾರು 24 ಪಟ್ಟು. ಅದು ಬೆಂಗಳೂರು ನಗರ ಜಿಲ್ಲೆಯ ಮೂರರಷ್ಟು. ಅಂದು ಊರಿನ ಸುತ್ತಿಗೆಂದು ಗೊತ್ತುಮಾಡಿದ್ದಷ್ಟೇ ಹಳಿಯನ್ನು ಇಂದು ಈ ಹೊಸ ದಾರಿಯಲ್ಲಿ ದೊಡ್ಡಬಳ್ಳಾಪುರದಿಂದ ಹಾಸುತ್ತ ಹೊರಟರೆ, ದೇವನಹಳ್ಳಿ ದಾಟಿ ಮಾಲೂರು ಇನ್ನೂ 17 ಕಿ.ಮೀ. ದೂರವಿರುವಾಗಲೇ ಅದು ಮುಗಿದುಹೋಗುತ್ತದೆ.