ಹೊಟ್ಟೆಯಡಿಯ ತೊಟ್ಟಿಲು

ಸಮುದ್ರದ ಏಡಿಮರಿ ತಂದು ಯಗಚಿ ಜಲಾಶಯಕ್ಕೆ ಬಿಟ್ಟರೆ ಹೇಗೆ ಎಂದು ಬೇಲೂರಿನ ಓದುಗರೊಬ್ಬರು ಕೇಳಿದ್ದಾರೆ. ಸಿಹಿನೀರಿನಲ್ಲಿ ಅವುಗಳ ವಂಶ ಮುಂದುವರಿಯದು.

ಅಘನಾಶಿನಿಯ ಅಳಿವೆಯಲ್ಲಿ ಸಿಗುವ ಕೆಸರೇಡಿಯನ್ನೇ ನೋಡಿ. ಹೆಣ್ಣು ಮೊಟ್ಟೆಯೊಡೆಸಲು ಕಡಲಿಗೇ ಹೋಗಬೇಕು. ಒಂದೇ ಸಲಕ್ಕೆ ಹತ್ತು ಲಕ್ಷಕ್ಕೂ ಮಿಕ್ಕಿದ ಮೊಟ್ಟೆ. ಆದರೆ ಹೊರಬರುವುದು ಏಡಿಯಲ್ಲ, ಬೆನ್ನಿನಲ್ಲಿ ಮುಳ್ಳಿರುವ, ಬಾಲ ಬಡಿಯುತ್ತ ತೇಲುವ ಜೋಯಿಯಾ. ಅದು ಐದು ಹಂತ ದಾಟಿ, ಮೆಗಲೋಪಾ ಎಂಬ ಕೊನೆಯ ಮರಿರೂಪ ತಳೆದು, ಏಡಿಯ ರೂಪಕ್ಕೆ ಬರಲು ಸುಮಾರು ಒಂದು ತಿಂಗಳು. ಅಷ್ಟರಲ್ಲಿ ಬಹುಪಾಲು ಮೀನಿನ ಪಾಲು. ಆ ಒಂದು ತಿಂಗಳು ತೊಟ್ಟಿಯ ಉಪ್ಪುನೀರಿನಲ್ಲಿ ಮರಿ ಕಾಯುವುದೇ ಹ್ಯಾಚರಿಯ ಕೆಲಸ. ತಮಿಳುನಾಡಿನ ತೊಡುವಾಯಿಯಲ್ಲಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದ ಹ್ಯಾಚರಿ ಇದೆ. ಅಲ್ಲಿನ ಮರಿಗಳು ಸಾಕಣೆ ಕೊಳಗಳಿಗೆ ಹೋಗುತ್ತವೆ. ಅಳಿವೆಯಿಂದ ಮರಿ ಬಾಚುವುದು ಅಷ್ಟು ತಪ್ಪುತ್ತದೆ. ಜಪಾನಿನವರು ಹ್ಯಾಚರಿ ಮರಿಗಳನ್ನು ಕಡಲಿಗೇ ಬಿಡತೊಡಗಿ ದಶಕಗಳಾದವು.

ನನಗೆ ಇದಕ್ಕಿಂತ ದೊಡ್ಡ ಬೆರಗು ಕಂಡದ್ದು ಹಳೇಬೀಡಿನ ಗದ್ದೆಯ ಬದುವಿನಲ್ಲಿ. ಮುಂಗಾರು ಹಿಡಿದಿತ್ತು. ಬಿಲದ ಬಾಯಲ್ಲಿ ಕೂತಿದ್ದ ಹೆಣ್ಣೇಡಿಯ ಕೊಂಬು ಅದುಮಿ ಹಿಡಿದು, ಹೊಟ್ಟೆಯಡಿಯ ಅಗಲವಾದ ಮಡಿಕೆಯನ್ನು ಕಡ್ಡಿಯಿಂದ ಮೆಲ್ಲಗೆ ಎತ್ತಿದೆ. ಒಳಗೆ ಜೋಳದ ಕಾಳಿನಷ್ಟು ದಪ್ಪದ ನೂರಾರು ಏಡಿಗಳು! ಕಾಲು, ಕೊಂಬು, ಕಣ್ಣು ಎಲ್ಲವೂ ಇದ್ದ ಪೂರ್ಣ ಏಡಿಗಳು. ಒಂದು ನನ್ನ ಬೆರಳೇರಿ ಅಡ್ಡಡ್ಡ ನಡೆಯಿತು. ಗದ್ದೆಯ ಏಡಿಗೆ ಜೋಯಿಯಾ ಇಲ್ಲ, ಮೆಗಲೋಪಾ ಇಲ್ಲ. ಆ ಹಂತಗಳೆಲ್ಲ ಮೊಟ್ಟೆಯೊಳಗೇ ಮುಗಿಯುತ್ತವೆ. ಅದಕ್ಕೇ ಮೊಟ್ಟೆಗಳು ಕಡಿಮೆ, ಆದರೆ ದೊಡ್ಡವು, ಬಂಡಾರ ತುಂಬಿದವು. ಒಡೆದ ಮೇಲೂ ಮರಿಗಳು ಕೆಲವು ದಿನ ತಾಯಿಯ ಮಡಿಕೆಯಲ್ಲೇ ಇರುತ್ತವೆ.

ಮರಿಗಳು ತಾಯಿಯ ಹೊಟ್ಟೆ ಸೀಳಿಕೊಂಡು ಬರುತ್ತವೆ, ಹೆತ್ತ ಏಡಿ ಸಾಯುತ್ತದೆ ಎಂಬ ಮಾತನ್ನು ಅರಸೀಕೆರೆಯ ಕಡೆಯೂ ಕೇಳಿದ್ದೇನೆ. ಸಂಸ್ಕೃತದ ಹಳೆಯ ಕೃತಿಗಳಲ್ಲೂ ಈ ಉಪಮೆಯಿದೆ. ಶುದ್ಧ ಸುಳ್ಳು. ಮೊಟ್ಟೆಯಿರುವುದೇ ಹೊಟ್ಟೆಯ ಹೊರಗೆ, ಸೀಳುವುದಾದರೂ ಏನನ್ನು? ಬದುವಿನಲ್ಲಿ ಸಿಗುವ ಬಿರಿದ ಖಾಲಿ ಚಿಪ್ಪು ಎಷ್ಟೋ ಸಲ ಸತ್ತ ತಾಯಿಯದಲ್ಲ, ಬೆಳೆಯಲು ಹಳೆಯ ಚಿಪ್ಪು ಕಳಚಿಹೋದ ಏಡಿಯದು. ಓದಿದವರೂ ಇದನ್ನು ಮಕ್ಕಳಿಗೆ ಹೇಳುವುದು ಕಂಡರೆ ಸಿಟ್ಟು ಬರುತ್ತದೆ.

ಗದ್ದೆಯ ಏಡಿಗೆ ಹ್ಯಾಚರಿ ಬೇಡ, ತಾಯಿ ಉಳಿದರೆ ಸಾಕು. ಸಾರಿಗೆಂದು ಏಡಿ ಹಿಡಿದಾಗ ಒಮ್ಮೆ ತಿರುಗಿಸಿ ನೋಡಿ. ಮಡಿಕೆ ಕಿರಿದಾಗಿ ಮೊನಚಾಗಿದ್ದರೆ ಗಂಡು. ಅಗಲವಾಗಿದ್ದು, ಒಳಗೆ ಮೊಟ್ಟೆಯೋ ಮರಿಯೋ ಕಂಡರೆ ಅದೇ ಬಿಲದ ಬಾಯಲ್ಲಿ ಬಿಟ್ಟುಬಿಡಿ.